ಚೀಲ ಕಾಯದೆ ನೋಡಿ ಬನ್ನಿ, ದರಿಯಾ ದೌಲತ್!

ಮಕ್ಕಳಿಗೆ ರಜ ಬಂತೆಂದರೆ ಸಾಕು, ಮನೆಮನೆಯಲ್ಲೂ ಒಂದೇ ರಾಗ: "ಅಮ್ಮಾ, ಎಲ್ಲಿಗಾದ್ರೂ ಹೋಗೋಣಮ್ಮ." ಯಜಮಾನರು ಮೂರು ಭಾನುವಾರ ಕೇಳಿಸಿಕೊಳ್ಳದವರಂತೆ ಪೇಪರು ಓದುತ್ತಾರೆ. ನಾಲ್ಕನೆಯ ಭಾನುವಾರ ಉದಾರಿಗಳಾಗಿ, "ಸರಿ ಕಣೇ, ಒಂದು ದಿನದ ಮಟ್ಟಿಗೆ ಎಲ್ಲಾದ್ರೂ ಹೋಗಿಬರೋಣ" ಅನ್ನುತ್ತಾರೆ. ಮಕ್ಕಳು ಕುಣಿಯುತ್ತಾರೆ. ಅತ್ತೆಯವರು ಟ್ರಂಕಿನಿಂದ ಒಳ್ಳೆಯ ಸೀರೆ ತೆಗೆಯುತ್ತಾರೆ. ನೀವು? ನೀವು ಅಡಿಗೆಮನೆಗೆ ಹೋಗಿ, ಹುಣಿಸೆಹಣ್ಣು ಎಷ್ಟಿದೆ ಎಂದು ಡಬ್ಬಿ ತೆರೆದು ನೋಡುತ್ತೀರಿ.

ಅಲ್ಲಿಂದ ಮುಂದಿನದು ನಿಮಗೆ ಗೊತ್ತಿರುವ ಕಥೆಯೇ. ಬೆಳಗಿನ ಜಾವ ಮೂರೂವರೆಗೆ ಏಳುವುದು, ಅನ್ನ ಬಸಿಯುವುದು, ಬುತ್ತಿ ಕಟ್ಟುವುದು, ಮಕ್ಕಳಿಗೆ ಜಡೆ ಹಾಕುವುದು, ಗ್ಯಾಸು ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನವರೆಗೂ ಯೋಚಿಸುವುದು. ಜಾಗ ತಲುಪಿದ್ದೇ ತಡ, ಎಲ್ಲರೂ ಒಳಗೆ ಓಡುತ್ತಾರೆ. ಬುತ್ತಿಯ ಚೀಲ, ನೀರಿನ ಕ್ಯಾನು, ಮಗುವಿನ ಬಟ್ಟೆಯ ಗಂಟು, ಇವುಗಳ ನಡುವೆ ಮರದ ಕೆಳಗೆ ನೀವು. "ನೀವೆಲ್ಲ ನೋಡ್ಕೊಂಡು ಬನ್ನಿ, ನಾನಿಲ್ಲೇ ಕೂತಿರ್ತೀನಿ." ಯಾರೂ ಬಲವಂತ ಮಾಡಿ ಈ ಮಾತು ಹೇಳಿಸಿದ್ದಲ್ಲ, ಅಭ್ಯಾಸದಿಂದ ತಾನಾಗಿ ಬಂದದ್ದು. ಮರುದಿನ ಪಕ್ಕದ ಮನೆಯಾಕೆ "ಹೇಗಿತ್ರೀ?" ಎಂದು ಕೇಳಿದರೆ, "ಚೆನ್ನಾಗಿತ್ತು ಕಣ್ರೀ" ಎಂಬುದಕ್ಕಿಂತ ಹೆಚ್ಚಾಗಿ ಹೇಳಲು ನಿಮ್ಮಲ್ಲಿ ಏನೂ ಇರುವುದಿಲ್ಲ.

ಈ ಸಲ ಹಾಗಾಗುವುದು ಬೇಡ. ಒಂದು ದಿನದಲ್ಲಿ ಹೋಗಿಬರಬಹುದಾದ ಒಂದು ಹಳೆಯ ತೋಟದ ಮನೆಯ ವಿಷಯ ಇಲ್ಲಿ ಹೇಳುತ್ತೇವೆ. ಶ್ರೀರಂಗಪಟ್ಟಣದ ದರಿಯಾ ದೌಲತ್. ಅಲ್ಲಿ ಏನಿದೆ, ಅದನ್ನು ಹೇಗೆ ನೋಡಬೇಕು, ಮುಖ್ಯವಾಗಿ ನೀವೂ ಒಳಗೆ ಹೋಗಿ ನೋಡುವಂತೆ ದಿನವನ್ನು ಹೇಗೆ ಹೊಂದಿಸಿಕೊಳ್ಳಬೇಕು, ಇಷ್ಟೇ ಈ ಲೇಖನ.

ದೊರೆಗೂ ಬೇಕಾಯಿತು ಒಂದು ತಂಪಿನ ಮನೆ

ಶ್ರೀರಂಗಪಟ್ಟಣ ಕಾವೇರಿಯ ಎರಡು ಕವಲುಗಳ ನಡುವಿನ ದ್ವೀಪ. ಮೈಸೂರಿನಿಂದ ಸುಮಾರು 15 ಕಿಲೋಮೀಟರು, ಬೆಂಗಳೂರಿನಿಂದ ಸುಮಾರು 125. ಕೋಟೆಯೊಳಗೆ ರಂಗನಾಥಸ್ವಾಮಿ ದೇವಸ್ಥಾನವಿದೆ. ಅದನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಕೋಟೆ ದಾಟಿ ಪೂರ್ವಕ್ಕೆ ಹೊರಟರೆ, ನದಿಯ ಉತ್ತರದ ಕವಲಿನ ದಡಕ್ಕೆ ಹತ್ತಿರದಲ್ಲಿ, ದೊಡ್ಡ ತೋಟದ ನಡುವೆ ಈ ಮನೆ ಇದೆ. ದರಿಯಾ ಎಂದರೆ ಸಾಗರ, ದೌಲತ್ ಎಂದರೆ ಸಂಪತ್ತು. ಬಾಗ್ ಎಂದರೆ ತೋಟ ಎಂಬುದು ಬೆಂಗಳೂರಿನ ಲಾಲ್‌ಬಾಗ್ ನೋಡಿದವರಿಗೆಲ್ಲ ಗೊತ್ತು. ಅಂತೂ ಇದು ಸಾಗರದ ಸಿರಿಯ ತೋಟ.

ಟಿಪ್ಪು ಸುಲ್ತಾನ್ ಈ ಮನೆಯನ್ನು ಪೂರೈಸಿದ್ದು 1784ರಲ್ಲಿ. ಆಡಳಿತ ನಡೆಸುವ ಅರಮನೆ ಕೋಟೆಯೊಳಗಿತ್ತು. ಇದು ಬೇಸಿಗೆಗೆಂದು, ವಿಶ್ರಾಂತಿಗೆಂದು ಕಟ್ಟಿಸಿದ್ದು. ಆ ಕಾಲವನ್ನು ನೆನೆಸಿಕೊಳ್ಳಿ. ಬ್ರಿಟಿಷರೊಡನೆ ಎರಡನೆಯ ಯುದ್ಧ ಮುಗಿದದ್ದೂ ಅದೇ 1784ರಲ್ಲಿ. ತಂದೆ ಹೈದರಾಲಿ ತೀರಿಕೊಂಡು ಎರಡೇ ವರ್ಷ. ತಲೆಯ ಮೇಲೆ ಅಷ್ಟು ಹೊರೆ ಇದ್ದ ದೊರೆಗೂ, ಗಲಾಟೆಯಿಂದ ಒಂದಿಷ್ಟು ದೂರ, ಗಾಳಿ ಬೆಳಕು ಇರುವ ಒಂದು ಜಾಗ ಬೇಕಾಯಿತು. ವರ್ಷವಿಡೀ ಒಲೆಯ ಮುಂದೆ ನಿಲ್ಲುವವರಿಗೆ ವರ್ಷಕ್ಕೊಂದು ದಿನ ಬೇಕೆನಿಸಿದರೆ ಅದರಲ್ಲಿ ತಪ್ಪೇನು, ಹೇಳಿ?

ಗೃಹಿಣಿಯ ಕಣ್ಣಿನಿಂದ ನೋಡಿ

ಅರಮನೆ ಎಂದೊಡನೆ ಮೈಸೂರಿನ ಗೋಪುರ, ದೀಪಾಲಂಕಾರ ಕಣ್ಣಿಗೆ ಬರುತ್ತದೆಯಲ್ಲವೇ? ಇಲ್ಲಿ ಹಾಗಿಲ್ಲ. ದೂರದಿಂದ ನೋಡಿದರೆ "ಇಷ್ಟೇನಾ?" ಅನ್ನಿಸಿದರೂ ಅನ್ನಿಸೀತು. ಸುತ್ತ ಹಸಿರು ಪರದೆ ಇಳಿಬಿಟ್ಟ, ತಗ್ಗಾದ, ಚೌಕಟ್ಟಾದ ಮನೆ. ಆ ಪರದೆಗಳನ್ನು ನೋಡಿ ಮೂಗು ಮುರಿಯಬೇಡಿ. ಒಳಗಿನ ಗೋಡೆಗಳ ಬಣ್ಣ ಬಿಸಿಲಿಗೆ ಮಾಸದಿರಲಿ ಎಂದು ಹಾಕಿರುವುದು. ರೇಷ್ಮೆ ಸೀರೆಯನ್ನು ಬಿಸಿಲಿಗೆ ಒಣಗಿಸಬಾರದೆಂದು ತಿಳಿದ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಹತ್ತಿರ ಹೋದಂತೆ ಒಂದೊಂದಾಗಿ ಗಮನಿಸಿ. ಮನೆ ಎತ್ತರದ ಜಗಲಿಯ ಮೇಲೆ ನಿಂತಿದೆ. ನದಿಯ ದಡದ ಜಾಗ, ನೆಲದ ತೇವ ಮೇಲೇರಬಾರದಲ್ಲ? ನಾಲ್ಕು ಕಡೆಯೂ ಅಗಲವಾದ ಪಡಸಾಲೆ. ಬಿಸಿಲು ಪಡಸಾಲೆಯಲ್ಲೇ ನಿಂತುಬಿಡುತ್ತದೆ, ಒಳಗಿನ ಗೋಡೆಯನ್ನು ಮುಟ್ಟುವುದಿಲ್ಲ. ಗಾಳಿಗೆ ಮಾತ್ರ ಯಾರ ತಡೆಯೂ ಇಲ್ಲ. ನಮ್ಮ ಹಳ್ಳಿಯ ತೊಟ್ಟಿಮನೆಗಳಲ್ಲಿ ಮಧ್ಯಾಹ್ನ ಚಾಪೆ ಹಾಸಿ ಮಲಗಿದವರಿಗೆ ಈ ಉಪಾಯ ಹೊಸದಲ್ಲ. ತಾರಸಿ ಮನೆಯಲ್ಲಿ ಫ್ಯಾನು ಹಾಕಿಕೊಂಡು ಬೆವರುವ ನಾವು ಮರೆತಿದ್ದೇವೆ, ಅಷ್ಟೆ.

ಹೆಚ್ಚಿನ ಭಾಗವೆಲ್ಲ ತೇಗದ ಮರ. ಕಂಬಗಳ ಸಾಲು, ಕಂಬದಿಂದ ಕಂಬಕ್ಕೆ ಹೂದಳದಂತೆ ಕೊರೆದ ಕಮಾನುಗಳು. ತೇಗವೆಂದರೆ ಗೆದ್ದಲಿಗೆ ಅಷ್ಟು ಸುಲಭಕ್ಕೆ ಬಗ್ಗುವ ಮರವಲ್ಲ. ಇನ್ನೂರನಲವತ್ತು ವರ್ಷದ ಹಿಂದಿನ ಮರಗೆಲಸ ಇವತ್ತಿಗೂ ನಿಂತಿದೆ. ಮೆಟ್ಟಿಲುಗಳನ್ನು ಹುಡುಕಿ ನೋಡಿ, ತಟ್ಟನೆ ಕಾಣುವುದಿಲ್ಲ. ನಾಲ್ಕು ಕಡೆ ಗೋಡೆಗಳ ನಡುವೆ ಅಡಗಿಸಿಟ್ಟಿದ್ದಾರೆ. ಮಹಡಿಯಲ್ಲಿ ದೊರೆ ಕುಳಿತು ಜನರನ್ನು ಕಾಣುತ್ತಿದ್ದ ಮುಂಚಾಚಿದ ಮೊಗಸಾಲೆಗಳಿವೆ.

ಇನ್ನು ಬಣ್ಣ. ಗೋಡೆ, ಕಂಬ, ಕಮಾನು, ಚಾವಣಿ, ಒಂದು ಅಂಗೈಯಷ್ಟು ಜಾಗವನ್ನೂ ಖಾಲಿ ಬಿಟ್ಟಿಲ್ಲ. ಹೂವು, ಬಳ್ಳಿ, ಎಲೆ, ಮತ್ತೆ ಹೂವು. ಕಸೂತಿ ಹಾಕುವ ಕೈಯುಳ್ಳವರು ಇಲ್ಲಿ ಐದು ನಿಮಿಷ ಹೆಚ್ಚಾಗಿಯೇ ನಿಲ್ಲಿ. ಒಂದು ಬಳ್ಳಿ ಎಲ್ಲಿ ಶುರುವಾಗಿ ಎಲ್ಲಿ ತಿರುಗಿ ಮತ್ತೆ ಮೊದಲಿನ ಹೂವಿಗೆ ಸೇರುತ್ತದೆ ಎಂದು ಕಣ್ಣಿನಲ್ಲೇ ಹಿಂಬಾಲಿಸಿ. ಮನೆಗೆ ಬಂದ ಮೇಲೆ ಒಂದು ಟೇಬಲ್ ಕ್ಲಾತಿನ ಅಂಚಿಗೆ, ಇಲ್ಲವೇ ಸಂಕ್ರಾಂತಿಯ ರಂಗೋಲಿಗೆ ಹೊಸ ಮಾದರಿ ಸಿಕ್ಕಂತಾಯಿತು.

ಗೋಡೆ ಹೇಳುವ ಕಥೆ

ಈ ಮನೆಗೆ ಹೆಸರು ಬಂದಿರುವುದು ಪಡಸಾಲೆಯ ಹೊರಗೋಡೆಗಳ ದೊಡ್ಡ ಚಿತ್ರಗಳಿಂದ. ಪಶ್ಚಿಮದ ಗೋಡೆಯಲ್ಲಿ 1780ರ ಸೆಪ್ಟೆಂಬರಿನಲ್ಲಿ ಕಂಚೀಪುರದ ಹತ್ತಿರ ಪೊಲ್ಲಿಲೂರಿನಲ್ಲಿ ನಡೆದ ಯುದ್ಧ. ಕರ್ನಲ್ ಬೇಯ್ಲಿ ಎಂಬ ಇಂಗ್ಲಿಷ್ ಅಧಿಕಾರಿಯ ಸೇನೆಯನ್ನು ಹೈದರಾಲಿ ಮತ್ತು ಟಿಪ್ಪು ಸೋಲಿಸಿ, ಆತನನ್ನು ಸೆರೆ ಹಿಡಿದ ಕಾಳಗ ಅದು. ಬೇಯ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲೇ 1782ರಲ್ಲಿ ತೀರಿಕೊಂಡ. ಅದೇ ಗೋಡೆಯ ಇನ್ನೊಂದು ಭಾಗದಲ್ಲಿ ಹೈದರಾಲಿ ಮತ್ತು ಟಿಪ್ಪುವಿನ ಮೆರವಣಿಗೆ.

ಸಾವಿರಾರು ತಲೆ, ಕುದುರೆ, ಆನೆ, ಕತ್ತಿ. ಒಟ್ಟಾಗಿ ನೋಡಿದರೆ ತಲೆ ತಿರುಗುತ್ತದೆ. ಮಕ್ಕಳಂತೂ ಎರಡು ನಿಮಿಷಕ್ಕೆ "ನಡಿಯಮ್ಮ, ಐಸ್‌ಕ್ರೀಮು" ಎನ್ನುತ್ತಾರೆ. ಅದಕ್ಕೊಂದು ಉಪಾಯ ಇದೆ. ಚಿತ್ರದ ಮುಂದೆ ನಿಲ್ಲಿಸಿ ಒಂದು ಪಂದ್ಯ ಕಟ್ಟಿ. ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚಿಕೊಳ್ಳುತ್ತಿರುವ ಸಾಹೇಬ ಎಲ್ಲಿದ್ದಾನೆ? ಅವನೇ ಬೇಯ್ಲಿ. ಸಿಡಿದು ಚೂರಾಗುತ್ತಿರುವ ಮದ್ದಿನ ಬಂಡಿ ಎಲ್ಲಿ? ದುರ್ಬೀನು ಹಿಡಿದ ಫ್ರೆಂಚ್ ಸೇನಾನಿ ಎಲ್ಲಿ? ಅಷ್ಟು ಗದ್ದಲದ ನಡುವೆಯೂ ತೋಟದಲ್ಲಿ ಅಡ್ಡಾಡಲು ಬಂದವನಂತೆ ಗುಲಾಬಿ ಮೂಸುತ್ತಿರುವ ಟಿಪ್ಪು ಎಲ್ಲಿ? ಯಾರು ಮೊದಲು ಕಂಡುಹಿಡಿಯುತ್ತಾರೋ ಅವರಿಗೆ ಒಂದು ಕೊಬ್ಬರಿ ಮಿಠಾಯಿ ಹೆಚ್ಚು. ಅರ್ಧ ಗಂಟೆ ಹೇಗೆ ಹೋಯಿತೆಂದು ಗೊತ್ತಾಗುವುದಿಲ್ಲ. ಒಂದೇ ಷರತ್ತು, ಬೆರಳು ಗೋಡೆಗೆ ತಾಕಬಾರದು. ಕೈಯ ಜಿಡ್ಡು ಹಳೆಯ ಬಣ್ಣಕ್ಕೆ ಶತ್ರು. ದೂರದಿಂದಲೇ ತೋರಿಸಲಿ.

ಪೂರ್ವದ ಗೋಡೆಯಲ್ಲಿ ಯುದ್ಧವಿಲ್ಲ. ಅಲ್ಲಿ ಸಾಲುಸಾಲಾಗಿ ಬೇರೆ ಬೇರೆ ರಾಜರ ದರ್ಬಾರುಗಳು. ತಂಜಾವೂರಿನ ರಾಜ, ಕಾಶಿಯ ರಾಜ, ಮಾಗಡಿಯ ಕೆಂಪೇಗೌಡ, ಚಿತ್ರದುರ್ಗದ ಮದಕರಿ ನಾಯಕ. ಇಷ್ಟು ಜನ ಗಂಡಸರ ಸಾಲಿನಲ್ಲಿ ಚಿತ್ತೂರಿನ ರಾಣಿಯ ದರ್ಬಾರೂ ಇದೆ. ಅವಳನ್ನು ಹುಡುಕುವ ಕೆಲಸ ಮಗಳಿಗೆ ವಹಿಸಿ. "ಅಮ್ಮಾ, ಸಿಕ್ಕಿದಳು!" ಎಂದು ಅವಳು ಕೂಗಿದಾಗ ನೀವು ಪಕ್ಕದಲ್ಲೇ ಇರಬೇಕು, ಹೊರಗೆ ಮರದ ಕೆಳಗಲ್ಲ.

ಸುಣ್ಣದ ಕೆಳಗಿನಿಂದ ಎದ್ದ ಚಿತ್ರಗಳು

ಈಗ ಹೇಳುವ ಸಂಗತಿ ನೀವು ಅಗತ್ಯವಾಗಿ ತಿಳಿದು ಹೋಗಬೇಕಾದದ್ದು. ನೀವು ನೋಡುವ ಚಿತ್ರಗಳು 1784ರಿಂದ ಹೀಗೇ ಉಳಿದು ಬಂದವಲ್ಲ. ಮುತ್ತಿಗೆಯ ಕಾಲದಲ್ಲಿ ಅವು ಕೆಟ್ಟವು. 1799ರ ಮೇ 4ರಂದು ಟಿಪ್ಪು ಮಡಿದ ಮೇಲೆ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಈ ಮನೆಯಲ್ಲಿ ವಾಸವಾಗಿದ್ದ. ಚಿತ್ರಗಳನ್ನು ಆತ ಸರಿಪಡಿಸಿದ. ಆಮೇಲೆ ಮತ್ತೆ ಯಾರೋ ಗೋಡೆಗೆ ಸುಣ್ಣ ಬಳಿದುಬಿಟ್ಟರು. ಯುಗಾದಿಗೆ ನಾವು ಅಡಿಗೆಮನೆಗೆ ಬಳಿಯುವಂತೆ! ಬಹುಪಾಲು ಅಳಿಸಿಯೇ ಹೋಗಿತ್ತು. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಮೈಸೂರು ಸೀಮೆಗೆ ಬಂದಾಗ ಮತ್ತೆ ಬರೆಸಲು ಹೇಳಿದ. ಯಾವುದನ್ನು ನೋಡಿ ಬರೆಯುವುದು? ಮೊದಲಿನ ಚಿತ್ರಗಳು ಹೇಗಿದ್ದವು ಎಂದು ನೆನಪಿದ್ದ ಈ ನಾಡಿನ ಒಬ್ಬ ಕಲಾವಿದ ಸಿಕ್ಕಿದ. ಅವನ ನೆನಪಿನಿಂದ ಗೋಡೆ ಮತ್ತೆ ತುಂಬಿತು.

ಯೋಚಿಸಿ ನೋಡಿ. ಒಬ್ಬ ಮನುಷ್ಯ ಚೆನ್ನಾಗಿ ಕಣ್ತುಂಬ ನೋಡಿಟ್ಟುಕೊಂಡಿದ್ದಕ್ಕೆ ಇಷ್ಟು ದೊಡ್ಡ ಸಂಪತ್ತು ಉಳಿಯಿತು. ಮನೆಯ ವಿಷಯದಲ್ಲೂ ಹಾಗೇ ಅಲ್ಲವೇ? ಅಜ್ಜಿಯ ಕೈ ಹುಳಿಪುಡಿಯ ಅಳತೆ, ಯಾರ ಮದುವೆಯಲ್ಲಿ ಯಾರು ಮುನಿಸಿಕೊಂಡರು, ದೊಡ್ಡವನು ಮೊದಲು ನಡೆದದ್ದು ಯಾವ ಹಬ್ಬದ ದಿನ, ಇದೆಲ್ಲ ಯಾವ ಪುಸ್ತಕದಲ್ಲೂ ಇಲ್ಲ, ಮನೆಯಾಕೆಯ ನೆನಪಿನಲ್ಲಿದೆ. ಇಪ್ಪತ್ತು ವರ್ಷದ ಮೇಲೆ ಮಕ್ಕಳು "ಅವತ್ತು ಆ ತೋಟದ ಮನೆಗೆ ಹೋಗಿದ್ವಲ್ಲಮ್ಮ, ಅಲ್ಲಿ ಏನೇನಿತ್ತು?" ಎಂದು ಕೇಳುವುದು ನಿಮ್ಮನ್ನೇ. ನೀವು ನೋಡಿದ್ದರೆ ಹೇಳುತ್ತೀರಿ. ಚೀಲ ಕಾಯುತ್ತ ಕೂತಿದ್ದರೆ ಮನೆಯ ಗೋಡೆಯ ಆ ಭಾಗಕ್ಕೆ ಸುಣ್ಣ ಬಳಿದಂತೆಯೇ ಸರಿ.

ಉಳಿಯದೆ ಹೋದದ್ದೂ ಇದೆ. ಇದೇ ದ್ವೀಪದಲ್ಲಿದ್ದ ಟಿಪ್ಪುವಿನ ಇನ್ನೊಂದು ಅರಮನೆಯನ್ನು ಬಿಚ್ಚಿ, ಅದರ ಮರಮುಟ್ಟನ್ನು ಊಟಿಯವರೆಗೆ ಸಾಗಿಸಿದರು. 1830ರ ಸುಮಾರಿಗೆ ಅಲ್ಲಿ ಕಟ್ಟಿದ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಆ ತೊಲೆಗಳು ಆಸರೆಯಾದವು. ದ್ವೀಪದ ಪೂರ್ವದ ತುದಿಯ ಲಾಲ್‌ಬಾಗ್ ತೋಟದ ಸೈಪ್ರಸ್ ಮರಗಳನ್ನು 1792ರ ಮುತ್ತಿಗೆಯ ಕೆಲಸಕ್ಕೆಂದು ಕಡಿದುಹಾಕಿದ್ದರು. ಅಷ್ಟು ಹೋದ ಮೇಲೂ ದರಿಯಾ ದೌಲತ್ ಉಳಿದಿದೆ.

ಮ್ಯೂಸಿಯಂನಲ್ಲಿ ಒಂದು ನಿಮಿಷ

1959ರಿಂದ ಈ ಮನೆಯಲ್ಲಿ ಟಿಪ್ಪು ಸುಲ್ತಾನ್ ಮ್ಯೂಸಿಯಂ ಇದೆ. ನೋಡಿಕೊಳ್ಳುವುದು ಕೇಂದ್ರ ಸರ್ಕಾರದ ಪುರಾತತ್ವ ಇಲಾಖೆ. ನಾಣ್ಯಗಳು, ಹಳೆಯ ಚಿತ್ರಗಳು, ಕೋಟೆಯ ಮೇಲೆ ಬ್ರಿಟಿಷರು ಲಗ್ಗೆ ಇಟ್ಟ ದೃಶ್ಯವನ್ನು ರಾಬರ್ಟ್ ಕೆರ್ ಪೋರ್ಟರ್ 1800ರಲ್ಲಿ ಬರೆದ ವರ್ಣಚಿತ್ರ, ಇವೆಲ್ಲ ಇವೆ. ಯಜಮಾನರು ನಾಣ್ಯ ನೋಡಲಿ, ಹುಡುಗರು ಕತ್ತಿ ನೋಡಲಿ. ನೀವು ಮಾತ್ರ ಥಾಮಸ್ ಹಿಕ್ಕಿ ಎಂಬ ಕಲಾವಿದ ಪೆನ್ಸಿಲಿನಲ್ಲಿ ಬರೆದ ಟಿಪ್ಪುವಿನ ಮಕ್ಕಳ ಮುಖಗಳ ಮುಂದೆ ಒಂದು ನಿಮಿಷ ನಿಲ್ಲಿ.

ಏಕೆ ಗೊತ್ತೇ? 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾದಾಗ, ಹಣ ಸಲ್ಲಿಸುವ ತನಕ ಒತ್ತೆಯಾಗಿ ಟಿಪ್ಪು ತನ್ನ ಇಬ್ಬರು ಗಂಡುಮಕ್ಕಳನ್ನು ಬ್ರಿಟಿಷರಿಗೆ ಒಪ್ಪಿಸಬೇಕಾಯಿತು. ಒಬ್ಬನಿಗೆ ಸುಮಾರು ಹತ್ತು ವರ್ಷ, ಇನ್ನೊಬ್ಬನಿಗೆ ಸುಮಾರು ಎಂಟು. ಅವರು ತಿರುಗಿ ಬಂದದ್ದು 1794ರಲ್ಲಿ. ನಮ್ಮ ಮನೆಯ ಮೂರನೆಯ ಕ್ಲಾಸು, ಐದನೆಯ ಕ್ಲಾಸಿನ ಹುಡುಗರ ವಯಸ್ಸು. ಒಂದು ವಾರ ಅಜ್ಜಿಯ ಮನೆಗೆ ಕಳಿಸಿದರೇ ನಮಗೆ ಊಟ ಸೇರುವುದಿಲ್ಲ. ಇತಿಹಾಸದ ಪುಸ್ತಕದಲ್ಲಿ ಇದು ಒಂದು ಸಾಲು. ಮನೆಯೊಳಗೆ ಅದು ಎರಡು ವರ್ಷ.

ತೋಟ, ಆಮೇಲೆ ಗುಂಬಜ್

ಮನೆ ನೋಡಿ ಮುಗಿದ ಮೇಲೆ ತೋಟದಲ್ಲಿ ನಿಧಾನವಾಗಿ ನಡೆಯಿರಿ. ನೇರ ದಾರಿಗಳು, ಹುಲ್ಲಿನ ಹಾಸು, ಹಳೆಯ ಮರಗಳು. ಸ್ವಲ್ಪ ದೂರ ನಡೆದು ತಿರುಗಿ ನಿಂತರೆ ಹಸಿರಿನ ನಡುವೆ ಮನೆ ಕಾಣುವ ರೀತಿಯೇ ಬೇರೆ. ಅತ್ತೆಯವರಿಗೆ ನಡಿಗೆ ಕಷ್ಟವಾದರೆ ಅವರನ್ನು ಪಡಸಾಲೆಯ ಚಿತ್ರಗಳನ್ನಷ್ಟು ನೋಡಲು ಹೇಳಿ, ನೆರಳಿನಲ್ಲಿ ಕೂರಿಸಿ. ಬೆಳಗಿನ ಹೊತ್ತೇ ಹೋದರೆ ಅವರಿಗೂ ಹಿತ.

ಅದೇ ರಸ್ತೆಯಲ್ಲಿ ಇನ್ನೂ ಪೂರ್ವಕ್ಕೆ ಹೋದರೆ ಗುಂಬಜ್. ಹೈದರಾಲಿ, ಟಿಪ್ಪು ಇಬ್ಬರ ಸಮಾಧಿ ಇಲ್ಲಿದೆ ಎಂದು ಶಾಲೆಯ ಪುಸ್ತಕದಲ್ಲಿ ಓದಿರುತ್ತೇವೆ. ಅಲ್ಲಿರುವುದು ಮೂವರು. ಮೂರನೆಯವರು ಟಿಪ್ಪುವಿನ ತಾಯಿ ಫಕ್ರುನ್ನೀಸಾ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರೆ ಗೋಡೆಗೆ ಹುಲಿಪಟ್ಟೆಯ ಬಣ್ಣ. ಸುತ್ತ ಹೊಳೆಯುವ ಕಪ್ಪು ಕಲ್ಲಿನ ಕಂಬಗಳು. ದಂತದ ಕುಸುರಿಯ ಬಾಗಿಲುಗಳು ಡಾಲ್‌ಹೌಸಿ ಕೊಟ್ಟವು. ಗೋಡೆಯಲ್ಲಿ ಒಬ್ಬ ರಾಣಿ, ಇಲ್ಲಿ ಒಬ್ಬ ತಾಯಿ. ಇವರಿಬ್ಬರನ್ನೂ ಕಂಡು ಬಂದರೆ ನಿಮ್ಮ ದಿನ ಸಾರ್ಥಕ.

ಗುಂಬಜ್ ದಾಟಿದರೆ ನದಿಯ ಎರಡು ಕವಲುಗಳು ಸೇರುವ ಸಂಗಮ. ಗಾಳಿಗೆ ಕೂರಲು ಚೆಂದ. ಆದರೆ ಒಂದು ಎಚ್ಚರಿಕೆ ಮಾತು: ಮಕ್ಕಳನ್ನು ನೀರಿಗೆ ಬಿಡಬೇಡಿ. ಕಾವೇರಿ ಮೇಲೆ ಶಾಂತವಾಗಿ ಕಂಡರೂ ಕೆಳಗೆ ಸೆಳವಿರುತ್ತದೆ, ಬಂಡೆಗಳು ಪಾಚಿ ಕಟ್ಟಿ ಜಾರುತ್ತವೆ. ಮಳೆಗಾಲದಲ್ಲಂತೂ ದಡದಿಂದಲೇ ಕೈಮುಗಿಯಿರಿ. ಹೊತ್ತು ಉಳಿದರೆ ಗಂಜಾಂನ ನಿಮಿಷಾಂಬ ದೇವಸ್ಥಾನವೂ ಹತ್ತಿರವೇ. ಗಂಜಾಂ ಅಂಜೂರಕ್ಕೆ ಹೆಸರಾದ ಊರು. ದಾರಿಯಲ್ಲಿ ಹಣ್ಣು ಸಿಕ್ಕರೆ ಬಿಡಬೇಡಿ.

ಬುತ್ತಿ ಹೀಗೆ ಕಟ್ಟಿ

ಸರಿ, ಈಗ ಮುಖ್ಯ ಪ್ರಶ್ನೆ. ಚೀಲ ಕಾಯುವವರು ಯಾರು? ಉತ್ತರ: ಯಾರೂ ಬೇಡ. ಕಾಯುವಂಥ ಚೀಲವೇ ಇಲ್ಲದಂತೆ ಬುತ್ತಿ ಕಟ್ಟಿದರಾಯಿತು.

ದೊಡ್ಡ ಡಬ್ಬಿ, ಸೌಟು, ತಟ್ಟೆ, ಲೋಟ, ಇವೇ ಹೊರೆ. ಇವುಗಳನ್ನು ಮನೆಯಲ್ಲೇ ಬಿಡಿ. ಬಾಳೆ ಎಲೆಯನ್ನು ಒಲೆಯ ಉರಿಯ ಮೇಲೆ ಒಮ್ಮೆ ಆಡಿಸಿ ಬಾಡಿಸಿಕೊಳ್ಳಿ, ಆಗ ಮಡಿಸಿದರೆ ಹರಿಯುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಪೊಟ್ಟಣ ಕಟ್ಟಿ, ಮೇಲೆ ಕಾಗದ ಸುತ್ತಿ, ಹೆಸರು ಬರೆಯಿರಿ. ಅವರವರ ಪೊಟ್ಟಣ, ಅವರವರ ನೀರಿನ ಬಾಟಲು, ಅವರವರ ಹೆಗಲಿನ ಚೀಲದಲ್ಲಿ. ಶಾಲೆಯ ಚೀಲ ಹೊರುವ ಮಕ್ಕಳಿಗೆ ಇದು ಹೂವಿನ ಭಾರ. ಯಜಮಾನರ ಪೊಟ್ಟಣ ಯಜಮಾನರ ಹೆಗಲಿಗೇ! "ಇದೇನೇ ಹೊಸ ಪದ್ಧತಿ?" ಎಂದರೆ, "ಈ ಸಲ ಹೀಗೇ ರೀ" ಎಂದು ನಕ್ಕುಬಿಡಿ. ಬಡಿಸುವ ಕೆಲಸವಿಲ್ಲ, ತೊಳೆಯುವ ಕೆಲಸವಿಲ್ಲ.

ಪುಳಿಯೋಗರೆಯ ಗೊಜ್ಜನ್ನು ಎರಡು ದಿನ ಮೊದಲೇ ಮಾಡಿಡಿ. ಕೂತಷ್ಟೂ ರುಚಿ ಹೆಚ್ಚು. ಅನ್ನ ಉದುರಾಗಿರಲಿ, ಹರಡಿ ಪೂರ್ತಿ ಆರಿದ ಮೇಲೆ ಎಳ್ಳೆಣ್ಣೆ ಹಾಕಿ ಗೊಜ್ಜು ಕಲಸಿ. ಬಿಸಿ ಅನ್ನ ಕಟ್ಟಿದರೆ ಬೆವರಿ ಹಳಸುತ್ತದೆ.

ಮೊಸರನ್ನ ಮಧ್ಯಾಹ್ನಕ್ಕೆ ಹುಳಿಯಾಗದಿರಲು ಹೀಗೆ ಮಾಡಿ. ಒಂದು ಲೋಟ ಅಕ್ಕಿಗೆ ಮೂರು ಲೋಟಕ್ಕೂ ಸ್ವಲ್ಪ ಹೆಚ್ಚು ನೀರಿಟ್ಟು ಮೆತ್ತಗೆ ಬೇಯಿಸಿ, ಬಿಸಿ ಇರುವಾಗಲೇ ಮಸೆದುಕೊಳ್ಳಿ. ಉಗುರುಬೆಚ್ಚಗಾದ ಮೇಲೆ ಕಾಯಿಸಿ ಆರಿಸಿದ ಎರಡು ಲೋಟ ಹಾಲು, ಎರಡೇ ಚಮಚ ಮೊಸರು, ಉಪ್ಪು ಹಾಕಿ ಕಲಸಿ. ಸಾಸಿವೆ, ಉದ್ದಿನಬೇಳೆ, ಹಸಿಮೆಣಸು, ಶುಂಠಿ, ಕರಿಬೇವು, ಇಂಗಿನ ಒಗ್ಗರಣೆ ಕೊಡಿ. ದಾರಿಯಲ್ಲೇ ಹೆಪ್ಪಾಗಿ ಊಟದ ಹೊತ್ತಿಗೆ ಹದವಾಗಿರುತ್ತದೆ. ಇದು ಎಲೆಯಲ್ಲಿ ನಿಲ್ಲುವುದಿಲ್ಲ, ಸಣ್ಣ ಮುಚ್ಚಳದ ಡಬ್ಬಿಗಳಿಗೆ ತುಂಬಿ. ದಾಳಿಂಬೆ ಕಾಳನ್ನು ತಿನ್ನುವಾಗ ಹಾಕಿಕೊಂಡರೆ ಸಾಕು. ಜೊತೆಗೆ ನಿಪ್ಪಟ್ಟು, ಕೊಬ್ಬರಿ ಮಿಠಾಯಿ, ಬಾಳೆಹಣ್ಣು. ಇಷ್ಟಾದರೆ ಯಥೇಷ್ಟ.

ತಿನ್ನುವುದು ಎಲ್ಲಿ? ರಕ್ಷಿತ ಸ್ಮಾರಕಗಳ ಒಳಗೆ, ಅದಕ್ಕೆಂದೇ ಗೊತ್ತುಮಾಡಿದ ಜಾಗವಿಲ್ಲದಿದ್ದರೆ, ಊಟ ಮಾಡುವಂತಿಲ್ಲ ಎಂದು ನಿಯಮವೇ ಇದೆ. ಆದ್ದರಿಂದ ಮೊದಲು ಮನೆ, ತೋಟ, ಆಮೇಲೆ ಹೊರಗೆ ನೆರಳಿರುವ ಕಡೆ ಊಟ. ಎಲೆ, ಕಾಗದ ಎಲ್ಲ ಒಂದು ಚೀಲಕ್ಕೆ ತುಂಬಿ ಕಸದ ತೊಟ್ಟಿಗೆ ಹಾಕಿಸಿ. ಆ ಕೆಲಸ ಮಕ್ಕಳದು.

ಹೊರಡುವ ಮುನ್ನ

ಚಳಿಗಾಲದ ದಿನಗಳು, ನವೆಂಬರಿನಿಂದ ಫೆಬ್ರವರಿಯವರೆಗೆ, ಬಹಳ ಹಿತ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಅಲ್ಲಿರಿ. ಜನ ಕಡಿಮೆ, ಬಿಸಿಲೂ ಕಡಿಮೆ. ವಾರದ ರಜೆ ಯಾವತ್ತು, ಟಿಕೆಟ್ಟು ಎಷ್ಟು ಎಂದು ಮೊದಲೇ ವಿಚಾರಿಸಿಕೊಳ್ಳಿ. ದೂರ ಬಂದು ಮುಚ್ಚಿದ ಬಾಗಿಲು ನೋಡಿ ಹೋಗುವಂತಾಗಬಾರದು. ಬೆಂಗಳೂರು–ಮೈಸೂರು ರೈಲು ದಾರಿಯಲ್ಲೇ ಶ್ರೀರಂಗಪಟ್ಟಣ ಸ್ಟೇಷನ್ ಇದೆ. ಬಸ್ಸಿನಲ್ಲಿ ಹೋಗುವವರಿಗೆ, 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಖರ್ಚಿಲ್ಲ. ಗುರುತಿನ ಚೀಟಿ ಮರೆಯಬೇಡಿ. ಯಜಮಾನರಿಗೆ ರಜ ಸಿಗದಿದ್ದರೆ ಅತ್ತೆ, ಅತ್ತಿಗೆ, ಪಕ್ಕದ ಮನೆಯಾಕೆ, ಮಕ್ಕಳು, ಇಷ್ಟೇ ಜನ ಕೂಡಿ ಹೊರಟರೂ ಆಯಿತು. ಅವರ ಭಾನುವಾರಕ್ಕೆಂದು ವರ್ಷಗಟ್ಟಲೆ ಕಾಯಬೇಕಾಗಿಲ್ಲ.

ಎಳೆಯ ಮಗುವಿದ್ದರೆ ಸರದಿ ಇಟ್ಟುಕೊಳ್ಳಿ. ಒಬ್ಬರು ಮಗುವನ್ನು ತೋಟದಲ್ಲಿ ಆಡಿಸುತ್ತಿರುವಾಗ ಇನ್ನೊಬ್ಬರು ಒಳಗೆ. ಒಂದು ಮಾತು ಮಾತ್ರ ಹೊರಡುವ ಮೊದಲೇ ಮನೆಯಲ್ಲಿ ತೀರ್ಮಾನವಾಗಿರಲಿ: ಮೊದಲ ಸರದಿ ನಿಮ್ಮದು. "ಆಮೇಲೆ ನೋಡ್ತೀನಿ ಬಿಡಿ" ಎಂದರೆ ಆ ಆಮೇಲೆ ಬರುವುದೇ ಇಲ್ಲ. ಅಷ್ಟರಲ್ಲಿ ಮಗುವಿಗೆ ಹಸಿವಾಗುತ್ತದೆ, ಬಸ್ಸಿಗೆ ಹೊತ್ತಾಗುತ್ತದೆ.

ಮನೆಗೆ ಬಂದ ರಾತ್ರಿ ಪಾತ್ರೆ ತೊಳೆಯುವ ಕೆಲಸ ಹೇಗೂ ಇರುವುದಿಲ್ಲ. ಮಗನ ಹಳೆಯ ನೋಟುಪುಸ್ತಕದಲ್ಲಿ ಖಾಲಿ ಹಾಳೆ ಹುಡುಕಿ ನಾಲ್ಕು ಸಾಲು ಬರೆದಿಡಿ. ಯಾವ ತಾರೀಖು, ಯಾರು ಯಾರು ಹೋದಿರಿ, ರಾಣಿಯನ್ನು ಮೊದಲು ಕಂಡವರು ಯಾರು, ಯಾವ ಬಳ್ಳಿ ನಿಮಗೆ ಇಷ್ಟವಾಯಿತು. ಬಳ್ಳಿಯನ್ನು ಪೆನ್ಸಿಲಿನಲ್ಲಿ ಗೀಚಿದರೆ ಇನ್ನೂ ಒಳ್ಳೆಯದು, ವಕ್ರವಾದರೂ ಚಿಂತೆಯಿಲ್ಲ. ಮುಂದಿನ ಹುಣಿಸೆಹಣ್ಣಿನ ಕಾಲಕ್ಕೆ ಡಬ್ಬಿ ತುಂಬಿಡುವಾಗ ಮುಂದಿನ ಊರಿನ ಹೆಸರನ್ನೂ ಗೊತ್ತುಮಾಡಿ. ಆ ಹೆಸರನ್ನು ಈ ಸಲ ನೀವೇ ಹೇಳಿ.